ಕನ್ನಡಿಯಕ್ಕನಿಗೆ ಬಂದ ಬಿಕ್ಕಳಿಕೆ

ಬಿಕ್ಕಳಿಕೆ ಅವಳಿಗೆ ಮೊದಲು ಕಣ್ಣಿಗೆ ಕಂಡಿತು, ಆಮೇಲೆ ಕಿವಿಗೆ ಕೇಳಿಸಿತು.

ಅದೊಂದು ಮಂಗಳವಾರ ಬೆಳಿಗ್ಗೆ. ಆಟದ ಪಾರ್ಕಿನ ಗೇಟು ತೆರೆಯಲು ಇನ್ನೂ ಒಂದು ಗಂಟೆಯಿತ್ತು. ಕನ್ನಡಿಗಳ ನಡುವೆ ಜನ ದಾರಿ ಹುಡುಕಿಕೊಂಡು ಹೊರಬರಬೇಕಾದ ಕನ್ನಡಿಮನೆಯೊಳಗೆ ಅವಳು ನಿಂತು ಬೆರಳಚ್ಚುಗಳನ್ನು ಒರೆಸುತ್ತಿದ್ದಳು. ಸೋಮವಾರ ಪಾರ್ಕಿಗೆ ರಜೆಯಾದ್ದರಿಂದ ಮಂಗಳವಾರದ ಕನ್ನಡಿಗಳಲ್ಲಿ ಭಾನುವಾರದ ಜನ ಇನ್ನೂ ಉಳಿದುಕೊಂಡಿರುತ್ತಿದ್ದರು. ಸೊಂಟದ ಎತ್ತರಕ್ಕೆ ಮಕ್ಕಳ ಅಂಗೈಗಳು, ಅದರ ಮೇಲೆ ದೊಡ್ಡವರು ಹಣೆ ತಾಗಿಸಿಕೊಂಡ ಜಿಡ್ಡಿನ ಗುರುತು, ಎಲ್ಲೋ ಒಂದು ಕಡೆ ಯಾರದೋ ತುಟಿಯ ಬಣ್ಣ. ಬಟ್ಟೆಯಲ್ಲಿ ಒರೆಸಿದರೆ ನೂಲೆಳೆ ಉಳಿಯುತ್ತದೆ. ವಿನೆಗರ್ ಬೆರೆಸಿದ ನೀರು ಚಿಮುಕಿಸಿ ಹಳೇ ಪತ್ರಿಕೆಯಲ್ಲಿ ಉಜ್ಜಿದರೆ ಕನ್ನಡಿ ನಿದ್ದೆಯಿಂದ ಎದ್ದ ಹಾಗೆ ಕಣ್ಣು ಬಿಡುತ್ತದೆ. ಹದಿನೆಂಟು ವರ್ಷದಿಂದ ಅವಳು ಮಾಡುತ್ತ ಬಂದದ್ದು ಇದನ್ನೇ. ಒಳಗೆ ನಲವತ್ತಾರು ಕನ್ನಡಿ, ಹನ್ನೊಂದು ಬರೀ ಗಾಜು. ಯಾವುದು ದಾರಿ, ಯಾವುದು ದಾರಿಯ ನೆರಳು ಎಂದು ಅವಳ ಮೊಣಕೈಗೇ ಗೊತ್ತಿತ್ತು.

ಹದಿನೇಳನೆಯ ಕನ್ನಡಿಯ ಮುಂದೆ ಅವಳು ಪತ್ರಿಕೆಯನ್ನು ಮಡಿಸುತ್ತಿದ್ದಾಗ ಎದುರಿಗಿದ್ದವಳ ಭುಜ ಸಣ್ಣಗೆ ಕುಣಿಯಿತು. ಅವಳ ಹಿಂದಿದ್ದವಳದ್ದೂ ಕುಣಿಯಿತು. ಪಕ್ಕದ ಸಾಲಿನಲ್ಲಿ, ಆಚೆಯ ಓಣಿಯಲ್ಲಿ, ಕಣ್ಣು ಹೋಗುವಷ್ಟು ದೂರದವರೆಗೆ ಕೈಯಲ್ಲಿ ಪತ್ರಿಕೆ ಹಿಡಿದ ನೂರಾರು ಹೆಂಗಸರು, ಯಾರೋ ಹಿಂದಿನಿಂದ ತಟ್ಟಿ ಕರೆದಂತೆ, ಒಟ್ಟಿಗೆ ಬೆಚ್ಚಿದರು. ಆಮೇಲೆ ಬಂತು ಸದ್ದು.

"ಹಿಕ್."

ಅವಳಿಗೆ ನಗು ಬಂತು. ನೂರಾರು ಹೆಂಗಸರೂ ನಕ್ಕರು.

ಅವಳಿಗೆ ಐವತ್ತನಾಲ್ಕು ವಯಸ್ಸು. ಪಾರ್ಕಿನಲ್ಲಿ ಎಲ್ಲರಿಗೂ ಅವಳು ಕನ್ನಡಿಯಕ್ಕ. ಪುಟ್ಟ ಮಕ್ಕಳ ಬಾಯಲ್ಲಿ ಅದು ಒಮ್ಮೊಮ್ಮೆ ಕನ್ನಡಕ ಆಗುವುದೂ ಇತ್ತು. ಅವಳೂ "ಏನಪ್ಪಾ, ನನ್ನನ್ನ ಮೂಗಿನ ಮೇಲೆ ಕೂರಿಸ್ಕೊಳ್ತೀಯಾ?" ಎಂದು ಕೇಳುತ್ತಿದ್ದಳು. ಕನ್ನಡಿಮನೆಯ ಬಾಗಿಲಲ್ಲಿ ಟಿಕೆಟ್ ಹರಿಯುವುದು, ಒಳಗೆ ದಾರಿ ತಪ್ಪಿ ಕೂಗಿಕೊಂಡವರನ್ನು ಕೈಹಿಡಿದು ಕರೆತರುವುದು, ಹಣೆ ಊದಿಸಿಕೊಂಡವರಿಗೆ ಒದ್ದೆ ಬಟ್ಟೆ ಕೊಡುವುದು ಅವಳ ಕೆಲಸ. ಮದುವೆಯಾಗಿರಲಿಲ್ಲ. ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು. ಅವಳು ದೊಡ್ಡಕ್ಕ ಎನ್ನುತ್ತಿದ್ದ ಆ ಅಕ್ಕನಿಗೆ ಶಕುನಗಳೆಂದರೆ ಪ್ರಾಣ. ಅಂಗೈ ನವೆಯಾದರೆ ಒಂದು, ಬಲಗಣ್ಣು ಅದುರಿದರೆ ಇನ್ನೊಂದು, ಕಾಗೆ ಕೂಗಿದರೆ ನೆಂಟರು. ಭಾವನಿಗೆ ಸಂಗತಿಗಳೆಂದರೆ ಪ್ರಾಣ. ಅವರು ಮೂವತ್ತು ವರ್ಷ ಒಂದು ಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವರು. ಸುದ್ದಿ ಮುಗಿದು ಪುಟದಲ್ಲಿ ಎರಡು ಬೆರಳು ಜಾಗ ಉಳಿದರೆ ಅಲ್ಲಿ ತುಂಬಲು 'ನಿಮಗೆ ಗೊತ್ತೆ?' ಎಂಬ ಚಿಕ್ಕ ಚಿಕ್ಕ ತುಣುಕುಗಳನ್ನು ಮೊದಲೇ ಜೋಡಿಸಿ ಇಟ್ಟುಕೊಂಡಿರುತ್ತಿದ್ದರು. ಮೊಳೆಗಳು ಯಾವಾಗಲೋ ಗುಜರಿಗೆ ಹೋದವು. ತುಣುಕುಗಳು ಮಾತ್ರ ತಲೆಯಲ್ಲೇ ಉಳಿದುಬಿಟ್ಟವು. ಮನೆಯಲ್ಲಿ ಮಾತು ಎರಡು ಬೆರಳು ಜಾಗ ಬಿಟ್ಟರೆ ಸಾಕು, ಭಾವ ಒಂದನ್ನು ಸೇರಿಸಿಬಿಡುತ್ತಿದ್ದರು.

ಸಂಜೆ ಅವಳು ಇನ್ನೂ ಬಿಕ್ಕುತ್ತಲೇ ಮನೆಗೆ ಬಂದಳು.

"ಯಾರೋ ನೆನೆಸ್ಕೊಳ್ತಿದಾರೆ ಕಣೇ," ಎಂದಳು ದೊಡ್ಡಕ್ಕ, ಚಹಾ ಸೋಸುತ್ತ. "ಒಬ್ಬೊಬ್ಬರನ್ನೇ ಹೇಳ್ತಾ ಹೋಗು. ಸರಿಯಾದವರು ಬಂದ ತಕ್ಷಣ ಟಕ್ ಅಂತ ನಿಲ್ಲುತ್ತೆ."

"ಅದು ಎದೆಗೂ ಹೊಟ್ಟೆಗೂ ನಡುವೆ ಇರೋ ಪೊರೆ ಸೆಟೆದುಕೊಳ್ಳೋದು. ವಪೆ ಅಂತಾರೆ," ಎಂದರು ಭಾವ. "ಹೆಸರು ಕೇಳಿಸ್ಕೊಳ್ಳೋಕೆ ಅದಕ್ಕೆ ಕಿವಿ ಎಲ್ಲಿದೆ?"

"ನಿಮಗೆ ಎರಡಿವೆಯಲ್ಲ, ನಾನು ಹೇಳಿದ್ದು ಯಾವತ್ತಾದ್ರೂ ಕೇಳಿಸಿದೆಯಾ?"

"ನೋಡು, ಮಗು ತಾಯಿ ಹೊಟ್ಟೇಲಿದ್ದಾಗ್ಲೇ ಬಿಕ್ಕಳಿಸುತ್ತೆ. ಇನ್ನೂ ಮುಖಾನೇ ನೋಡಿಲ್ಲ, ಅದನ್ನ ಯಾರು ನೆನೆಸ್ಕೊಳ್ತಾರೆ?"

"ಅದರ ಅಮ್ಮ," ಎಂದಳು ದೊಡ್ಡಕ್ಕ.

ಭಾವ ಚಹಾದ ಲೋಟಕ್ಕೆ ಕೈ ಚಾಚಿದರು.

ಕನ್ನಡಿಯಕ್ಕ ಹೇಳುತ್ತ ಹೋದಳು. ಚಿಕ್ಕಮ್ಮನ ಮಗ. ಹಿಕ್. ಹಳೇ ಮನೆಯ ಕೆಳಗಿದ್ದ ಟೈಲರ್. ಹಿಕ್. ಶಾಲೆಯ ಲೆಕ್ಕದ ಮೇಷ್ಟ್ರು, ಬದುಕಿದ್ದರೆ. ಹಿಕ್. ಪಾರ್ಕಿನಲ್ಲಿ ಮೊದಲು ಟಿಕೆಟ್ ಕೊಡುತ್ತಿದ್ದ ಕೆಂಪು ಕೂದಲಿನವಳು. ಹಿಕ್. ಇಪ್ಪತ್ತಮೂರು ಜನಕ್ಕೆ ಪಟ್ಟಿ ಮುಗಿದುಹೋಯಿತು. ಅವಳ ಕೈಯಲ್ಲಿದ್ದ ಚಹಾ ಇನ್ನೂ ಆರಿರಲಿಲ್ಲ.

ಐವತ್ತನಾಲ್ಕು ವರ್ಷ ಬದುಕಿದ್ದಕ್ಕೆ ಇಷ್ಟೇನಾ ಎಂದು ಅವಳಿಗೆ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ಬಿಕ್ಕಳಿಕೆ ಬಂತು, ಬಾಗಿಲು ತಟ್ಟಿದ ಹಾಗೆ.

ಬುಧವಾರವೂ ಅದು ನಿಲ್ಲಲಿಲ್ಲ. ಒಂದು ಬಿಕ್ಕು, ಹತ್ತು ಉಸಿರಿನ ಅಂತರ, ಮತ್ತೊಂದು ಬಿಕ್ಕು. ಕನ್ನಡಿಮನೆಯ ಹೊರಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವಳು ಕೂತಿದ್ದಾಗ ಒಂದು ವಿಚಿತ್ರ ನಡೆಯಿತು. ಒಳಗೆ ಹೋದವರು ಬೇಗ ಬೇಗ ಹೊರಗೆ ಬರತೊಡಗಿದರು. ಸಾಮಾನ್ಯವಾಗಿ ದಿನಕ್ಕೆ ಆರೇಳು ಸಲ ಅವಳು ಒಳಗೆ ಹೋಗಿ ಯಾರನ್ನಾದರೂ ಎಳೆದು ತರಬೇಕಾಗುತ್ತಿತ್ತು. ಅವತ್ತು ಒಮ್ಮೆಯೂ ಹೋಗಲಿಲ್ಲ.

"ಹಿಕ್ ಎಲ್ಲಿಂದ ಬರುತ್ತೋ ಅಲ್ಲೇ ಬಾಗಿಲು," ಎಂದು ಶಾಲೆಯ ಹುಡುಗಿಯೊಬ್ಬಳು ತನ್ನ ಗೆಳತಿಯರಿಗೆ ವಿವರಿಸುತ್ತಿದ್ದಳು. "ಕಣ್ಣು ಮುಚ್ಕೊಂಡು ಬನ್ರೇ, ಕಣ್ಣು ಬಿಟ್ರೆ ಮೋಸ."

ಹುಡುಗಿಯರು ಕಣ್ಣು ಮುಚ್ಚಿ, ಒಬ್ಬರ ಭುಜ ಒಬ್ಬರು ಹಿಡಿದು, ಕನ್ನಡಿಗಳ ನಡುವಿನಿಂದ ನಿದ್ದೆಯಲ್ಲಿ ನಡೆಯುವವರ ಹಾಗೆ ಮೆಲ್ಲಗೆ ಬಂದರು. ಸಾಲಿನ ಮೊದಲನೆಯವಳ ಕೈ ತನ್ನ ಮೊಣಕಾಲಿಗೆ ತಾಗುವವರೆಗೂ ಕನ್ನಡಿಯಕ್ಕ ಕದಲದೆ ಕೂತಿದ್ದಳು. ತನ್ನ ಸದ್ದು ಹಿಡಿದು ಯಾರಾದರೂ ತನ್ನ ಹತ್ತಿರ ಬಂದದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಗುರುವಾರದ ಹೊತ್ತಿಗೆ ಪಾರ್ಕಿನವರೆಲ್ಲ ವೈದ್ಯರಾಗಿದ್ದರು. ಲೋಟದ ಆಚೆ ತುದಿಯಿಂದ ನೀರು ಕುಡಿ ಎಂದರು. ಸಕ್ಕರೆ ನುಂಗು, ಮೂಗು ಹಿಡಿ, ಮೊಣಕಾಲು ಎದೆಗೆ ಒತ್ತು ಎಂದರು. ಜೈಂಟ್ ವೀಲ್ ನಡೆಸುವವನು, ಎಲ್ಲರೂ ಚಕ್ರದಣ್ಣ ಎನ್ನುವ ದಪ್ಪ ಮೀಸೆಯ ಮನುಷ್ಯ, ತಾನು ಹೇಳಿದ್ದೇ ಕೊನೆಯ ಮಾತು ಎಂಬಂತೆ ಬಂದ.

"ಅಕ್ಕಾ, ಬಿಕ್ಕಳಿಕೆಗೆ ಮದ್ದು ಹೆದರಿಕೆ. ಬನ್ನಿ, ಮೇಲೆ ನಿಲ್ಲಿಸ್ತೀನಿ."

ಮಧ್ಯಾಹ್ನ ಜನ ಕಡಿಮೆಯಿದ್ದ ಹೊತ್ತಿನಲ್ಲಿ ಅವಳನ್ನೊಬ್ಬಳನ್ನೇ ಹಳದಿ ತೊಟ್ಟಿಲಲ್ಲಿ ಕೂರಿಸಿ, ಮೇಲಕ್ಕೆ ಒಯ್ದು, ಚಕ್ರವನ್ನು ಗಕ್ಕನೆ ನಿಲ್ಲಿಸಿದ. ತೊಟ್ಟಿಲು ಮುಂದಕ್ಕೆ ಹಿಂದಕ್ಕೆ ತೂಗಿ ಸುಮ್ಮನಾಯಿತು.

ಅವಳಿಗೆ ಹೆದರಿಕೆಯಾಗಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳು ಒಮ್ಮೆಯೂ ಅದರ ಮೇಲೆ ಹತ್ತಿರಲಿಲ್ಲ. ಕೆಳಗೆ ಪಾರ್ಕು ಯಾರೋ ಮಡಿಸಿಟ್ಟು ಮರೆತ ಸೀರೆಯ ಹಾಗೆ ಬಿದ್ದಿತ್ತು. ಆಟದ ರೈಲು ಸದ್ದಿಲ್ಲದೆ ಸುತ್ತುತ್ತಿತ್ತು. ಅವಳ ಕನ್ನಡಿಮನೆ, ಒಳಗೆ ಅಷ್ಟೊಂದು ಓಣಿಗಳಿದ್ದದ್ದು, ಮೇಲಿಂದ ತಗಡಿನ ಒಂದು ಪುಟ್ಟ ಪೆಟ್ಟಿಗೆ. ಕೊಳದಲ್ಲಿ ನೀರಿನ ಗಿಡಗಳ ಎಲೆಗಳು ದುಂಡಗೆ, ಒಂದರ ಪಕ್ಕ ಒಂದು, ಹಸಿರು ಗುಂಡಿಗಳ ಹಾಗೆ ಹರಡಿದ್ದವು. ಅಂಗಿಗೆ ಹಾಕುವ ಗುಂಡಿಗಳು.

ಅವುಗಳನ್ನು ನೋಡುತ್ತ ಅವಳು ಪಟ್ಟಿಯಲ್ಲಿ ಸೇರಿಸದ ಒಬ್ಬಳನ್ನು ನೆನೆದಳು. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

"ಅಕ್ಕಾ, ಹೆದರಿಕೆ ಆಯ್ತಾ?" ಎಂದು ಕೆಳಗಿನಿಂದ ಚಕ್ರದಣ್ಣ ಕೂಗಿದ.

"ಹಿಕ್," ಎಂದಳು ಅವಳು. ಇಳಿದ ಮೇಲೆ, "ಚೆನ್ನಾಗಿತ್ತಪ್ಪ, ಇನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು," ಎಂದಳು. ಅವನ ಮೀಸೆ ಜೋಲುಬಿತ್ತು.

ಆ ಸಂಜೆ ದೊಡ್ಡಕ್ಕ ಅವಳನ್ನು ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೊಟ್ಟೆ ಒತ್ತಿ, ಗಂಟಲು ನೋಡಿ, ಹತ್ತು ಮಾತ್ರೆ ಬರೆದುಕೊಟ್ಟರು.

"ಎರಡು ದಿನ ಮೀರಿದ್ರೆ ಸುಮ್ನೆ ಬಿಡಬಾರದಮ್ಮ. ಇದನ್ನ ತಗೊಳ್ಳಿ, ನಿಲ್ಲುತ್ತೆ. ನಿಲ್ಲದಿದ್ರೆ ಮಂಗಳವಾರ ಬನ್ನಿ, ಪರೀಕ್ಷೆ ಮಾಡೋಣ."

"ಒಬ್ಬ ಮನುಷ್ಯನಿಗೆ ಅರವತ್ತೆಂಟು ವರ್ಷ ಬಿಕ್ಕಳಿಕೆ ಬಂದಿತ್ತು," ಎಂದು ಮನೆಯಲ್ಲಿ ಭಾವ ಧೈರ್ಯ ತುಂಬಿದರು. ದೊಡ್ಡಕ್ಕ ದುರುಗುಟ್ಟಿ ನೋಡಿದ ಮೇಲೆ, "ಆಮೇಲೆ ನಿಂತಿತು," ಎಂದು ಸೇರಿಸಿದರು. ಅದೂ ಸಾಲದೆಂದು ಇನ್ನೊಂದು ಹೇಳಿದರು. "ಗೊದಮೊಟ್ಟೆ ಗೊತ್ತಲ್ಲಮ್ಮ, ಕಪ್ಪೆ ಮರಿ? ಅದು ನೀರಲ್ಲಿ ಉಸಿರಾಡೋ ರೀತಿಗೂ ನಮ್ಮ ಬಿಕ್ಕಳಿಕೆಗೂ ನಂಟಿದೆ ಅಂತ ಕೆಲವು ವಿಜ್ಞಾನಿಗಳು ಹೇಳ್ತಾರೆ. ನಾವು ನೀರು ಬಿಟ್ಟು ಎಷ್ಟು ಕಾಲ ಆಯ್ತು, ಆದ್ರೂ ಮೈ ಮರೆತಿಲ್ಲವಂತೆ."

ಕನ್ನಡಿಯಕ್ಕ ಮಾತ್ರೆಯ ಪೊಟ್ಟಣವನ್ನು ಚೀಲದ ಒಳಜೇಬಿನಲ್ಲಿಟ್ಟಳು. ಶುಕ್ರವಾರವೂ ಅದು ಅಲ್ಲೇ ಇತ್ತು, ಶನಿವಾರವೂ ಅಲ್ಲೇ ಇತ್ತು. ತಗೊಂಡೆಯಾ ಎಂದು ದೊಡ್ಡಕ್ಕ ಕೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳಿಗೆ ಅದು ಯಾಕೆಂದು ಒಪ್ಪಿಕೊಳ್ಳಲು ನಾಚಿಕೆ. ಯಾರೋ ತನ್ನನ್ನು ಬಿಡದೆ, ಬೆಳಗಿನಿಂದ ಸಂಜೆಯವರೆಗೆ, ಹತ್ತು ಉಸಿರಿಗೊಮ್ಮೆ ನೆನೆಯುತ್ತಿದ್ದಾರೆ. ಅಂಥದ್ದನ್ನು ಮಾತ್ರೆ ನುಂಗಿ ನಿಲ್ಲಿಸುವುದೆ? ವಪೆ, ಪೊರೆ ಎಲ್ಲ ಅವಳಿಗೂ ಗೊತ್ತು. ಗೊತ್ತಿದ್ದೂ ಬೆಳಿಗ್ಗೆ ತಲೆ ಬಾಚುವಾಗ ಬೈತಲೆಯನ್ನು ಎರಡು ಸಲ ನೇರ ಮಾಡಿಕೊಳ್ಳುತ್ತಿದ್ದಳು. ನಲವತ್ತಾರು ಕನ್ನಡಿಗಳ ನಡುವೆ ಹದಿನೆಂಟು ವರ್ಷ ಕಳೆದವಳು ಆ ವಾರ ಮೊದಲ ಬಾರಿಗೆ ಕನ್ನಡಿಯಲ್ಲಿ ಕೊಳೆಯನ್ನಲ್ಲ, ತನ್ನನ್ನು ನೋಡಿಕೊಂಡಳು.

ಅವಳು ಪಟ್ಟಿಯಲ್ಲಿ ಬಿಟ್ಟ ಆ ಒಬ್ಬಳ ವಿಷಯ ಇಷ್ಟು.

ಪಾರ್ಕಿಗೆ ಸೇರುವ ಮೊದಲು ಕನ್ನಡಿಯಕ್ಕ ಒಂದು ಗುಂಡಿ ಕಾರ್ಖಾನೆಯಲ್ಲಿದ್ದಳು. ಉದ್ದನೆಯ ಮೇಜಿನ ಮೇಲೆ ಸುರಿದ ಗುಂಡಿಗಳಲ್ಲಿ ಒಡಕಲನ್ನು ಆರಿಸಿ, ಒಳ್ಳೆಯದನ್ನು ಡಜನ್ ಲೆಕ್ಕದಲ್ಲಿ ಎಣಿಸಿ, ಹನ್ನೆರಡು ಡಜನ್ನಿಗೆ ಒಂದು ಗ್ರೋಸ್ ಎಂದು ಪೊಟ್ಟಣ ಕಟ್ಟುವುದು. ಅವಳ ಪಾಲಿಗೆ ಎರಡು ತೂತಿನ ಗುಂಡಿ, ಪಕ್ಕದವಳ ಪಾಲಿಗೆ ನಾಲ್ಕು ತೂತಿನದು. ಹಾಗಾಗಿ ಕಾರ್ಖಾನೆಯವರ ಬಾಯಲ್ಲಿ ಅವಳು ಎರಡುತೂತು, ಪಕ್ಕದವಳು ನಾಲ್ಕುತೂತು. ಹತ್ತು ವರ್ಷ ಒಂದೇ ಬೆಂಚು, ಒಂದೇ ಊಟದ ಡಬ್ಬಿ, ಒಂದೇ ನಗು. ನಾಲ್ಕುತೂತು ತನ್ನ ಅಮ್ಮನ ದುಂಡನೆಯ ಪುಟ್ಟ ಕನ್ನಡಿಯೊಂದನ್ನು ಕಿಟಕಿಯ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದ ವಾರ, ಸೋಮವಾರ, ಎರಡುತೂತಿನ ಮೊಣಕೈ ತಾಗಿ ಆ ಕನ್ನಡಿ ಬಿದ್ದು ಚೂರಾಯಿತು.

"ಕನ್ನಡಿ ಒಡೆದ್ರೆ ಏಳು ವರ್ಷ ಕೇಡು," ಎಂದಳು ನಾಲ್ಕುತೂತು ಎಲ್ಲರೆದುರು, ಕಣ್ಣಲ್ಲಿ ನೀರು ತುಂಬಿಕೊಂಡು. "ಏಳು ವರ್ಷ ನನ್ನ ಮನೆ ಬಾಗಿಲಿಗೆ ಬರಬೇಡ."

ಗುರುವಾರ ಅವಳ ಅಮ್ಮ ತೀರಿಕೊಂಡರು. ಎರಡುತೂತು ಹೋಗಲಿಲ್ಲ. ಆ ಬೀದಿಯ ತುದಿಯವರೆಗೆ ಹೋಗಿ, ನಿಂತು, ವಾಪಸು ಬಂದಳು. ನಾಲ್ಕುತೂತು ಮತ್ತೆ ಕೆಲಸಕ್ಕೆ ಬರಲಿಲ್ಲ. ಅವಳು ಊರಿನ ಆಚೆ ತುದಿಗೆ ಹೋದಳೆಂದು ಯಾರೋ ಹೇಳಿದರು. ಆಗ ಎರಡುತೂತು ಭಾವನನ್ನು ಕೇಳಿದ್ದಳು, ಕನ್ನಡಿಗೆ ಏಳೇ ವರ್ಷ ಯಾಕೆ ಎಂದು. ಮನುಷ್ಯನ ಮೈ ಏಳು ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಅದರ ಜೊತೆ ಅದೃಷ್ಟವೂ ಹೊಸದಾಗುತ್ತದೆ ಎಂದು ಹಿಂದಿನವರು ನಂಬಿದ್ದರಂತೆ, ಎಂದಿದ್ದರು ಭಾವ. ಅವಳು ಅದನ್ನು ಅಕ್ಷರಶಃ ತೆಗೆದುಕೊಂಡಳು. ಏಳು ವರ್ಷ ಪ್ರಾಮಾಣಿಕವಾಗಿ ಕಾದಳು. ಏಳು ತುಂಬಿದ ದಿನ ಹೊಸ ರವಿಕೆ ಹಾಕಿಕೊಂಡು ತನ್ನ ಮನೆಯ ಬಾಗಿಲವರೆಗೆ ಬಂದಳು. ಎಲ್ಲಿ ಹುಡುಕುವುದು, ಏನೆಂದು ಶುರುಮಾಡುವುದು ಎಂದು ಹೊಳೆಯದೆ ಒಳಗೆ ಹೋಗಿ ಕೂತಳು. ನಾಳೆ ಹೋದರಾಯಿತು ಎಂದುಕೊಂಡಳು. ಆ ನಾಳೆಗೆ ಈಗ ಹದಿನೈದು ವರ್ಷ.

ನಾಲ್ಕುತೂತು ಎಲ್ಲಿದ್ದಾಳೆ ಎಂಬುದು ಅವಳಿಗೆ ಗೊತ್ತಿಲ್ಲದೇ ಇರಲಿಲ್ಲ. ಪಾರ್ಕಿನ ಕೊಳಕ್ಕೆ ಮಾಲಿ ನೀರಿನ ಗಿಡಗಳನ್ನು ತರುತ್ತಿದ್ದದ್ದು, ಗಿಡ, ಮೀನು ಬೆಳೆಸಿ ಮಾರುವ ಅವಳ ತೊಟ್ಟಿಗಳಿಂದಲೇ. "ಹಿಂದೆ ಗುಂಡಿ ಕಾರ್ಖಾನೇಲಿದ್ಲಂತೆ, ಎಲೇನೂ ಡಜನ್ ಲೆಕ್ಕದಲ್ಲೇ ಎಣಿಸ್ತಾಳೆ," ಎಂದು ಮಾಲಿ ನಾಲ್ಕು ವರ್ಷದ ಹಿಂದೆ ನಗುತ್ತ ಹೇಳಿದ್ದ. ಅವತ್ತು ಕನ್ನಡಿಯಕ್ಕ ಗಿಡದ ಚೀಲದ ಮೇಲಿನ ವಿಳಾಸವನ್ನು ಓದಿ, ಓದಿಲ್ಲದವಳ ಹಾಗೆ ಹೊರಟುಹೋಗಿದ್ದಳು.

ಸೋಮವಾರ ಬೆಳಿಗ್ಗೆ, ರಜೆಯ ದಿನ, ಅವಳು ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ಮುದುಕ ಪ್ರತಿ ಬಿಕ್ಕಿಗೂ ತಲೆಯಾಡಿಸುತ್ತ, ಹೌದು ಹೌದು ಎಂಬಂತೆ, ಅರ್ಧ ದಾರಿ ಜೊತೆಗೆ ಬಂದ. ಊರು ಮುಗಿಯುವ ಕಡೆ ಇಳಿದಳು. ಗೋಡೆಗಳು ತಗ್ಗಾಗಿ, ಮರಗಳು ಎತ್ತರವಾಗಿ ಇದ್ದವು. ಹಸಿರು ಗೇಟಿನ ಮೇಲೆ ಮೀನಿನ ಚಿತ್ರ. ಗೇಟಿನಾಚೆ ಸಿಮೆಂಟಿನ ತೊಟ್ಟಿಗಳು ಸಾಲಾಗಿ, ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ.

ಕನ್ನಡಿಯಕ್ಕ ಗೇಟಿನ ಹೊರಗೆ ನಿಂತಳು. ಬಸ್ಸಿನಲ್ಲಿ ಒಂದು ಗಂಟೆ ಜೋಡಿಸಿಕೊಂಡು ಬಂದಿದ್ದ ಮಾತು ಪೂರ್ತಿ ಮರೆತುಹೋಗಿತ್ತು. ಬಾಯಿಂದ ಬಂದದ್ದು ಒಂದೇ.

"ಹಿಕ್."

ತೊಟ್ಟಿಗಳ ನಡುವಿನಿಂದ ಒಂದು ತಲೆ ಎದ್ದಿತು. ಕೂದಲು ಪೂರ್ತಿ ಬೆಳ್ಳಗೆ. ಮೊಣಕೈವರೆಗೆ ಪಾಚಿ. ಒಂದು ಗಳಿಗೆ ನೋಡಿ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿ ಹೇಳಿದಳು:

"ಏನೇ ಎರಡುತೂತು, ಬೆಳಿಗ್ಗೆ ಬೆಳಿಗ್ಗೇನೇ ಕುಡ್ಕೊಂಡು ಬಂದಿದೀಯಾ?"

"ಇಲ್ಲ ಕಣೇ. ಏಳು ದಿನದಿಂದ... ಹಿಕ್... ನಿಂತಿಲ್ಲ."

"ಒಳಗೆ ಬಾ. ಗೇಟು ಎತ್ತಿ ತಳ್ಳಬೇಕು, ಸುಮ್ನೆ ತಳ್ಳಿದ್ರೆ ಬರಲ್ಲ."

ಹೇಗಿದ್ದೀಯ, ಎಲ್ಲಿದ್ದೀಯ ಎಂಬ ಮಾತಿಲ್ಲ. ನಾಲ್ಕುತೂತು ಒಂದು ಮಣೆ ತೋರಿಸಿದಳು, ಇವಳು ಕೂತಳು. ಕೂತು, ಕೇಳಲೇಬೇಕಾದದ್ದನ್ನು ತಡೆಯಲಾರದೆ ಕೇಳಿಬಿಟ್ಟಳು.

"ಈ ವಾರ ನನ್ನನ್ನ ನೆನೆಸ್ಕೊಂಡ್ಯಾ?"

ನಾಲ್ಕುತೂತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹಣೆಯ ಮೇಲೆ ಗೆರೆ ಮೂಡಿತು.

"ಇಲ್ಲ ಕಣೇ. ಸುಳ್ಳು ಯಾಕೆ ಹೇಳ್ಲಿ. ಮೀನಿಗೆಲ್ಲ ಬಿಳಿಚುಕ್ಕೆ ರೋಗ ಬಂದಿದೆ. ವಾರದಿಂದ ನನಗೆ ನನ್ನ ನೆನಪೇ ಇಲ್ಲ."

ಕನ್ನಡಿಯಕ್ಕನಿಗೆ ಅಳು ಬರಬೇಕಿತ್ತು, ನಗು ಬಂತು. ನಗುವಿನ ನಡುವೆ ಬಿಕ್ಕಳಿಕೆ ಬಂದು ಅದು ಕೆಮ್ಮಾಯಿತು. ನಾಲ್ಕುತೂತು ಅವಳ ಬೆನ್ನು ತಟ್ಟಿದಳು. ಬೆನ್ನ ಮೇಲೆ ಒದ್ದೆ ಕೈಯ ಅಚ್ಚು ಉಳಿಯಿತು.

ಆಮೇಲೆ ಕನ್ನಡಿಯ ಮಾತು ಬಂತು. ತಂದವಳು ಇವಳೇ.

"ಯಾವ ಕನ್ನಡಿ?" ಎಂದಳು ನಾಲ್ಕುತೂತು.

"ನಿಮ್ಮಮ್ಮನದು. ದುಂಡನೆಯದು. ನಾನು ಒಡೆದದ್ದು. ನೀನು ಏಳು ವರ್ಷ ಬಾಗಿಲಿಗೆ ಬರಬೇಡ ಅಂದ್ಯಲ್ಲ."

"ನಾನಾ? ನಾನು ಹಾಗಂದ್ನಾ?"

"ಎಲ್ಲರೆದುರಿಗೆ ಅಂದೆ."

ನಾಲ್ಕುತೂತು ತೊಟ್ಟಿಯ ಅಂಚಿನ ಮೇಲೆ ಕೂತಳು. ಹತ್ತಿರದ ಎಲೆಯ ಮೇಲೆ ಒಂದು ಬಸವನಹುಳ ಅಂಗುಲದಷ್ಟು ದಾರಿ ಮುಗಿಸಿತು.

"ನನಗೆ ಅದು ನೆನಪೇ ಇಲ್ಲ," ಎಂದಳು ಕೊನೆಗೆ. "ಅಮ್ಮ ಹೋದ ದಿನ ನೆನಪಿದೆ. ಕಾರ್ಖಾನೆಯವರೆಲ್ಲ ಬಂದಿದ್ರು. ನೀನು ಬರಲಿಲ್ಲ. ಸಂಜೆವರೆಗೂ ಬೀದಿ ಕಡೆ ಮುಖ ಮಾಡ್ಕೊಂಡೇ ಕೂತಿದ್ದೆ. ಬೇರೆ ಯಾರು ಬರ್ದೇ ಇದ್ರೂ ಅವಳು ಬರ್ತಾಳೆ ಅಂತ. ಇಪ್ಪತ್ತೆರಡು ವರ್ಷ ಅದನ್ನೇ ಇಟ್ಕೊಂಡಿದೀನಿ ನಾನು."

"ಬೀದಿ ತುದಿವರೆಗೆ ಬಂದಿದ್ದೆ."

"ಬಂದಿದ್ಯಾ?"

"ಬಂದು ನಿಂತಿದ್ದೆ. ನೀನು ಬರಬೇಡ ಅಂದಿದ್ದೆಯಲ್ಲ."

"ಅಯ್ಯೋ ಪೆದ್ದಿ," ಎಂದಳು ನಾಲ್ಕುತೂತು, ಅಷ್ಟು ಮೆಲ್ಲಗೆ ಎಂದರೆ ಅದು ಬೈಗುಳ ಅನ್ನಿಸಲೇ ಇಲ್ಲ. "ನಾನು ಏನೋ ಅಂದೆ ಅಂತ ಯಾರಾದ್ರೂ ಕೇಳ್ತಾರೇನೇ?"

ಇಬ್ಬರೂ ನೀರು ನೋಡುತ್ತ ಕೂತರು. ಇಷ್ಟು ವರ್ಷ ಒಬ್ಬಳು ಒಂದು ಮಾತನ್ನು ಹೊತ್ತಿದ್ದಳು, ಇನ್ನೊಬ್ಬಳು ಒಂದು ಖಾಲಿ ಬೀದಿಯನ್ನು. ಯಾರ ತಪ್ಪು ಹೆಚ್ಚು ಎಂದು ತೂಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ತೊಟ್ಟಿ ತೊಳೆಯುವ ಕೆಲಸ ಬೇರೆ ಅರ್ಧಕ್ಕೆ ನಿಂತಿತ್ತು. ಕನ್ನಡಿಯಕ್ಕ ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದಳು. ಒಬ್ಬಳು ಪಾಚಿ ಉಜ್ಜಿದರೆ ಇನ್ನೊಬ್ಬಳು ಜಾಲರಿಯಲ್ಲಿ ಮೀನನ್ನು ಉಪ್ಪುನೀರಿನ ಬಕೆಟ್ಟಿಗೆ ದಾಟಿಸಿದಳು. ಕೊನೆಯ ತೊಟ್ಟಿಯಲ್ಲಿ ಮೀನಿರಲಿಲ್ಲ. ಕಪ್ಪನೆಯ ಗೊದಮೊಟ್ಟೆಗಳು, ಅಚ್ಚಿನಿಂದ ಉದುರಿದ ಅಲ್ಪವಿರಾಮಗಳ ಹಾಗೆ, ನೂರಾರು. ಅವನ್ನು ಮುಟ್ಟಬೇಡ, ಕಾಲು ಮೂಡುತ್ತಿವೆ ಎಂದಳು ನಾಲ್ಕುತೂತು.

ಅನ್ನ ಉಂಡ ಮೇಲೆ ಕನ್ನಡಿಯಕ್ಕ ಆ ತೊಟ್ಟಿಯ ಪಕ್ಕ ಹಾಕಿದ್ದ ಹಗ್ಗದ ಮಂಚದ ಮೇಲೆ ಒಂದು ಗಳಿಗೆ ಎಂದು ಅಡ್ಡಾದಳು. ಮೇಲೆ ಬಲೆಯ ಚಪ್ಪರ. ಅದರ ತೂತುಗಳಿಂದ ಇಳಿದ ಬಿಸಿಲು ಅವಳ ಸೀರೆಯ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಾಗಿ ಬಿದ್ದಿತ್ತು. ಕಣ್ಣಿನ ಮಟ್ಟದಲ್ಲಿ ನೀರು. ಗೊದಮೊಟ್ಟೆಗಳು ಮೇಲೆ ಬಂದು, ಪುಟ್ಟ ಬಾಯಿ ತೆರೆದು, ಏನನ್ನೋ ನುಂಗಿ, ಕೆಳಗೆ ಹೋಗುತ್ತಿದ್ದವು. ಅವಳು ಬಿಕ್ಕಿದಳು. ಒಂದು ಗೊದಮೊಟ್ಟೆ ಬಾಯಿ ತೆರೆಯಿತು. ಅವಳು ಬಿಕ್ಕಿದಳು. ಇನ್ನೊಂದು ತೆರೆಯಿತು. ನಿದ್ದೆ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಅವಳು ಬೆಚ್ಚನೆಯ ಹಸಿರು ನೀರಿನಲ್ಲಿದ್ದಳು. ಕೈಕಾಲು ಇನ್ನೂ ಮೂಡಿರಲಿಲ್ಲ, ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಮೇಲೆ ದುಂಡನೆಯ ಎಲೆಗಳ ನೆರಳು. ಎಲೆಗಳ ನಡುವಿನಿಂದ ಅಮ್ಮನ ಮುಖ, ಲೆಕ್ಕದ ಮೇಷ್ಟ್ರ ಮುಖ, ಕಣ್ಣು ಮುಚ್ಚಿ ನಡೆದುಬಂದ ಶಾಲೆಯ ಹುಡುಗಿಯರ ಮುಖ, ಹದಿನೆಂಟು ವರ್ಷ ಅವಳು ಕೈಹಿಡಿದು ಹೊರಗೆ ತಂದ ಸಾವಿರಾರು ಜನರ ಮುಖ ಒಂದೊಂದಾಗಿ ಬಗ್ಗಿ ನೋಡಿ ಹೋಗುತ್ತಿದ್ದವು. ಒಬ್ಬರೂ ಮಾತಾಡಲಿಲ್ಲ. ಇವಳಿದ್ದಾಳಲ್ಲ ಎಂದು ಖಚಿತ ಮಾಡಿಕೊಂಡು ಹೋದಂತಿತ್ತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಮಂಚದ ಪಕ್ಕದಲ್ಲಿ ಮಣೆ ಹಾಕಿಕೊಂಡು ನಾಲ್ಕುತೂತು ಕೂತಿದ್ದಳು. ಸುತ್ತ ಏನೋ ಕೊರತೆ. ಏನೆಂದು ತಿಳಿಯಲು ಕನ್ನಡಿಯಕ್ಕನಿಗೆ ತುಸು ಹೊತ್ತು ಹಿಡಿಯಿತು.

"ನಿಂತಿದೆ," ಎಂದಳು.

"ನಿದ್ದೆಯಲ್ಲೂ ಬಿಕ್ತಾ ಇದ್ದೆ. ನಾನು ಎಣಿಸ್ತಿದ್ದೆ," ಎಂದಳು ನಾಲ್ಕುತೂತು. "ನೂರ ನಲವತ್ತೊಂದಕ್ಕೆ ನಿಂತೋಯ್ತು. ಇನ್ನು ಮೂರು ಬಂದಿದ್ರೆ ಒಂದು ಗ್ರೋಸ್ ಪೊಟ್ಟಣ ಕಟ್ಟಬಹುದಿತ್ತು."

"ಆಮೇಲೂ ಇಲ್ಲೇ ಕೂತಿದ್ದೆಯಾ?"

"ಮೂರು ಬರುತ್ತೇನೋ ಅಂತ ಕಾಯ್ತಿದ್ದೆ."

ಕನ್ನಡಿಯಕ್ಕ ಎದೆಯ ಕೆಳಗೆ ಕೈಯಿಟ್ಟು ನೋಡಿಕೊಂಡಳು. ಅಲ್ಲಿ ಈಗ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಒಂದು ವಾರ ಮನೆಯಲ್ಲಿದ್ದ ನೆಂಟರು ಹೋದ ಮೇಲೆ ಇರುತ್ತದಲ್ಲ, ಅಂಥ ಬಿಕೋ ಎನ್ನುವ ನಿಶ್ಶಬ್ದ. ಯಾರು ನೆನೆಸಿಕೊಂಡದ್ದು, ಯಾಕೆ ಬಿಟ್ಟದ್ದು, ಇನ್ನು ಯಾವತ್ತೂ ತಿಳಿಯುವುದಿಲ್ಲ. ಅದಕ್ಕೆ ಸ್ವಲ್ಪ ಬೇಸರವಾಯಿತು. ಆದರೆ ಹಸಿವೂ ಆಗಿತ್ತು. ನಾಲ್ಕುತೂತು ಹುರಿದ ಕಡಲೆಕಾಯಿ ತಂದಿಟ್ಟಳು. ತಾನು ಮಾತ್ರ ಒಂದೊಂದನ್ನೇ ಬಲದವಡೆಯಲ್ಲಿ ನಿಧಾನವಾಗಿ ಅಗಿದಳು.

ಕೊನೆಯ ಬಸ್ಸಿಗೆ ಮುಂಚಿನ ಬಸ್ಸು ಬರುವವರೆಗೆ ಇಬ್ಬರೂ ನಿಲ್ದಾಣದಲ್ಲಿ ನಿಂತರು. ಮುಂದಿನ ಸೋಮವಾರ ಊಟಕ್ಕೆ ಬರಬೇಕೆಂದು ಇವಳು ಹೇಳಿದಳು. ಬರುತ್ತೇನೆ ಎಂದು ಅವಳು ಹೇಳಿದಳು. ಬಸ್ಸು ಬಂದಾಗ ನಾಲ್ಕುತೂತು ಸೊಂಟದಿಂದ ಪೆನ್ನು ತೆಗೆದು ಇವಳ ಅಂಗೈ ಮೇಲೆ ಫೋನ್ ನಂಬರು ಬರೆದು, ಬೇಗ ಹತ್ತು ಎಂದು ಬೆನ್ನಿಗೆ ಕೈಕೊಟ್ಟು ದೂಡಿದಳು.

ಮನೆಯಲ್ಲಿ ದೊಡ್ಡಕ್ಕ ಬಾಗಿಲಲ್ಲೇ ಕಿವಿಗೊಟ್ಟು ನಿಂತಿದ್ದಳು.

"ನಿಂತೇ ಹೋಗಿದೆಯಲ್ಲೇ! ಯಾರಂತೆ?"

"ಗೊತ್ತಾಗ್ಲಿಲ್ಲ," ಎಂದು ಹೇಳಿ, ಚಪ್ಪಲಿ ಬಿಡುತ್ತ, ಸೋಮವಾರ ಊಟಕ್ಕೆ ಒಬ್ಬಳು ಬರುತ್ತಾಳೆ ಎಂದಳು ಕನ್ನಡಿಯಕ್ಕ. ಯಾರು ಎಂದು ಹೇಳಿದಳು. ದೊಡ್ಡಕ್ಕನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಅವಳ ದನಿ ಮಾತ್ರ ಬಂತು.

"ಏನು ತಿಂತಾಳೆ ಅವಳು?"

ಕನ್ನಡಿಯಕ್ಕ ಹೇಳಲು ಬಾಯಿ ತೆರೆದಳು. ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಆದರೆ ಆಗಿನ ನಾಲ್ಕುತೂತು ಕಡಲೆಕಾಯಿಯನ್ನು ಸಿಪ್ಪೆ ಸಮೇತ ಕಚ್ಚುತ್ತಿದ್ದವಳು.

"ಈಗ ಏನು ತಿಂತಾಳೋ," ಎಂದಳು. "ಎಡಗಡೆ ಹಲ್ಲು ನೋಯುತ್ತೆ ಅಂತ ಕಾಣುತ್ತೆ. ಕೇಳ್ತೀನಿ ಇರು."

ಅಂಗೈ ಬಿಡಿಸಿ ನೋಡಿದರೆ ಕೊನೆಯ ಅಂಕೆ ಬೆವರಿಗೆ ಕದಡಿಹೋಗಿತ್ತು. ಒಂದೋ, ಏಳೋ. ಭಾವ ಕನ್ನಡಕ ಹಾಕಿಕೊಂಡು ಬಂದು, ಅಚ್ಚುಮೊಳೆ ಪರೀಕ್ಷಿಸುವವರ ಹಾಗೆ ಅಂಗೈಯನ್ನು ದೀಪಕ್ಕೆ ಹಿಡಿದು, ಒಂದು ಎಂದು ತೀರ್ಪು ಕೊಟ್ಟರು. ಒಂದು ಒತ್ತಿದಾಗ ಯಾರೋ ಗಂಡಸು ಎತ್ತಿಕೊಂಡು, ಇದು ಬೀಗ ರಿಪೇರಿ ಅಂಗಡಿ ಎಂದ. ಕ್ಷಮಿಸಿ ಎಂದು ಇಟ್ಟು, ಏಳು ಒತ್ತಿದಳು.

ತುಂಬಾ ಹೊತ್ತು ಬಡಿದುಕೊಂಡಿತು.

"ಹಲೋ, ಯಾರು?" ಎಂದಿತು ಆ ಕಡೆಯ ದನಿ, ನೀರಿನ ಸದ್ದಿನ ನಡುವಿನಿಂದ.

"ನಾನೇ ಕಣೇ. ಸೋಮವಾರ ಏನು ಮಾಡೋದು ಅಂತ ಕೇಳೋಕೆ..."

"ಏನೂ ಕೇಳಿಸ್ತಿಲ್ಲ, ಮೋಟರ್ ಹಾಕಿದೀನಿ. ಆಫ್ ಮಾಡಿ ಬರ್ತೀನಿ, ಇಡಬೇಡ. ಕೇಳಿಸ್ತಾ? ಇಡಬೇಡ."

ನೆಲದ ಮೇಲೆ ಚಪ್ಪಲಿಯ ಸದ್ದು ದೂರ ಹೋಯಿತು. ಕನ್ನಡಿಯಕ್ಕ ಕಾಲಿನಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಳು.